ಮಾಸ್ಕು ಸಡಿಲವಾದ ಸೋಮವಾರ

ಆಸ್ಪತ್ರೆಯಿಂದ ಮನೆ ಬಾಗಿಲಿಗೆ ಬಂದ ಮೇಲೂ ನಾನು ಸ್ವಲ್ಪ ಹೊತ್ತು ಕಾರಿನಲ್ಲೇ ಕೂತಿರುತ್ತಿದ್ದೆ. ಹಣೆ, ಮೂಗಿನ ತುದಿ, ಕೆನ್ನೆಗಳ ಮೇಲೆ ಜರಡಿ ಒತ್ತಿದ ಹಾಗೆ ಸಣ್ಣ ಸಣ್ಣ ಚೌಕಗಳ ಅಚ್ಚು ಮೂಡಿರುತ್ತಿತ್ತು. ಅದು ಮಾಯುವವರೆಗೆ ಇಳಿಯಲು ಮನಸ್ಸಾಗುತ್ತಿರಲಿಲ್ಲ. ನಮ್ಮದು ವಿಜಯನಗರದ ಒಂದು ಅಡ್ಡರಸ್ತೆ. ಗೇಟಿನ ಚಿಲಕ ಸದ್ದು ಮಾಡಿದರೆ ಎದುರು ಮನೆಯ ಕಿಟಕಿ ಪರದೆ ಸರಿಯುತ್ತದೆ, ಅಷ್ಟು ಕಿರಿದು. ನಮ್ಮ ಯಜಮಾನರು ಸ್ಟಿಯರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಕಾಯುತ್ತಿದ್ದರು.

"ಹೋಯ್ತಾ ನೋಡ್ಕೋ."

ಒಳಗಿನ ಕನ್ನಡಿಯನ್ನು ನನ್ನ ಕಡೆ ತಿರುಗಿಸಿಕೊಂಡು, "ಮೂಗಿನ್ ಮೇಲೆ ಇನ್ನೂ ಇದೆ ರೀ" ಅನ್ನುತ್ತಿದ್ದೆ.

"ಯಾರಾದ್ರೂ ಕೇಳಿದ್ರೆ ಸೊಳ್ಳೆ ಪರದೆಗೆ ಮುಖ ಕೊಟ್ಕೊಂಡು ಮಲ್ಗಿದ್ದೆ ಅನ್ನು."

"ಮಟಮಟ ಮಧ್ಯಾಹ್ನ, ಕಾರೊಳಗೆ?"

ಇಬ್ಬರೂ ನಗುತ್ತಿದ್ದೆವು. ಆದರೂ ಇಳಿಯುವಾಗ ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದೆ.

ಮಾಗಡಿ ರಸ್ತೆಯಲ್ಲಿ ಮೆಟ್ರೊ ಕಂಬಗಳು ಇನ್ನೂ ಏಳದಿದ್ದ ಕಾಲ ಅದು. ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಯಾವ ಡಾಕ್ಟರೂ ಅಲ್ಲ, ನಮ್ಮ ಅತ್ತೆಯ ಹಲ್ಲು. ಅಕ್ಕಿ ಆರಿಸುವುದು ನನ್ನ ಕೆಲಸ, ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಯಾರೂ ಅಂದದ್ದಿಲ್ಲ. ಆ ವರ್ಷ ಮೇಲಿಂದ ಮೇಲೆ ಸಿಗತೊಡಗಿತು. ಅತ್ತೆ ತುತ್ತನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟು, "ಇರೋ ನಾಕ್ ಹಲ್ಗೂ ಕಲ್ಲೇ ಇಕ್ತೀಯಲ್ಲವ್ವ!" ಅಂದರು. ಮೊರವನ್ನು ಬಿಸಿಲಿಗೆ ತಂದು ನೋಡಿದೆ. ಬಲಗಣ್ಣು ಮುಚ್ಚಿದರೆ ಮೊರದ ಎಡ ಭಾಗಕ್ಕೆ ಯಾರೋ ಹೊಗೆ ಊದಿದ ಹಾಗಿತ್ತು.

ಕನ್ನಡಕದ ಅಂಗಡಿಯಿಂದ ಕಣ್ಣಿನ ಡಾಕ್ಟರಿಗೆ, ಅಲ್ಲಿಂದ ತಲೆಯ ಸ್ಕ್ಯಾನಿಂಗಿಗೆ ಹೋದೆವು. ಎರಡು ಕಣ್ಣುಗಳ ನರಗಳೂ ಮಿದುಳಿನ ಕೆಳಗೆ ಒಂದು ಕಡೆ ಕೂಡುತ್ತವಂತೆ. ಅಲ್ಲೊಂದು ಗಂಟು ಬೆಳೆದು ನರವನ್ನು ಒತ್ತುತ್ತಿತ್ತು. ಕ್ಯಾನ್ಸರ್ ಅಲ್ಲ ಅಂದರು. ಆಪರೇಷನ್ ಮಾಡಿ ಮುಕ್ಕಾಲು ಪಾಲು ತೆಗೆದರು. ಎಡಗಣ್ಣಿನ ನರಕ್ಕೇ ಅಂಟಿಕೊಂಡಿದ್ದ ಉಳಿದ ಭಾಗವನ್ನು ಕೆರೆದು ತೆಗೆಯಲು ಹೋದರೆ ನರವೇ ಹರಿದೀತು ಎಂದು ಬಿಟ್ಟರು. ಆ ಉಳಿಕೆಗೇ ರೇಡಿಯೇಶನ್. ಎಡಗಣ್ಣು ಮಸುಕಾಗಿಯಾಗಿತ್ತು. ಬಲಗಣ್ಣನ್ನಾದರೂ ಉಳಿಸಿಕೊಳ್ಳಬೇಕಿತ್ತು.

ರೇಡಿಯೇಶನ್ನಿಗೆ ನಮ್ಮ ಕಡೆ 'ಕರೆಂಟು ಕೊಡಿಸೋದು' ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಜನ ದನಿ ತಗ್ಗಿಸುತ್ತಾರೆ, ಮನೆಯಲ್ಲಿ ಲೋಟ ಬೇರೆ ಇಡುತ್ತಾರೆ. ಯಜಮಾನರದ್ದು ಶ್ರೀಗಂಧದ ಕಾವಲಿನ ಕಡೆಯ ಹಳೆಯ ಒಕ್ಕಲುಮನೆ. ಹೊಲಗಳೆಲ್ಲ ಸೈಟುಗಳಾಗಿದ್ದರೂ ಬಂಧುಬಳಗ ಮಾತ್ರ ಊರಿನಷ್ಟೇ ದೊಡ್ಡದಾಗಿ ಉಳಿದಿತ್ತು. ನಾದಿನಿಗೆ ಗಂಡು ನೋಡುತ್ತಿದ್ದ ಸಮಯ ಬೇರೆ. ಹಾಗಾಗಿ ಕೇಳಿದವರಿಗೆಲ್ಲ 'ಕಣ್ಣಿನ ನರದ ಟ್ರೀಟ್‌ಮೆಂಟ್' ಎಂದೇ ಹೇಳಿದೆವು. ಸುಳ್ಳೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅತ್ತೆಗೂ ಅಷ್ಟನ್ನೇ ಹೇಳಿದ್ದೆ.

ಚಿಕಿತ್ಸೆಗೆ ಮುಂಚೆ ಡಾಕ್ಟರು ನಮ್ಮಿಬ್ಬರನ್ನು ಕಂಪ್ಯೂಟರಿನ ಎದುರು ಕೂರಿಸಿಕೊಂಡರು. ಈರುಳ್ಳಿ ಬಿಲ್ಲೆಯ ಹಾಗೆ ಪದರ ಪದರವಾಗಿ ಹೆಚ್ಚಿಟ್ಟ ನನ್ನ ತಲೆ ತೆರೆಯ ಮೇಲಿತ್ತು. ಗಂಡನ ಪಕ್ಕದಲ್ಲಿ ಕೂತು ನನ್ನ ತಲೆಯ ಒಳಗನ್ನು ನೋಡುವಾಗ, ಮಡಿಸದ ಒಳಬಟ್ಟೆ ಅತಿಥಿಗಳ ಕಣ್ಣಿಗೆ ಬಿದ್ದಂಥ ಮುಜುಗರವಾಯಿತು. ಗಂಟಿನ ಸುತ್ತ ಕೆಂಪು ಗೆರೆ ಇತ್ತು. ಕಣ್ಣಿನ ನರಗಳಿಗೆ ಹಸಿರು, ಮಿದುಳಿನ ಕಾಂಡಕ್ಕೆ ಹಳದಿ, ನೆನಪಿನ ಜಾಗವಿರುವ ಕಿವಿಯ ಪಕ್ಕದ ಭಾಗಕ್ಕೆ ನೀಲಿ.

"ಗಂಟಿಗೆ ಕಿರಣ ಹಾಯಿಸೋದು ದೊಡ್ಡ ವಿಷಯ ಅಲ್ಲ. ಅಕ್ಕಪಕ್ಕ ಇರೋ ಒಳ್ಳೇದನ್ನ ಬಿಟ್ಟು ಹಾಯಿಸ್ಬೇಕಲ್ಲ, ಅದೇ ಕೆಲಸ" ಅಂದರು.

ನಾನು ಇಂಗ್ಲಿಷಿನಲ್ಲಿ ಏನೋ ಒಂದು ಪ್ರಶ್ನೆ ಕೇಳಿದೆ. ಅವರ ಮುಖ ಅರಳಿತು. ಅಲ್ಲಿಂದಾಚೆಗೆ ಇಂಗ್ಲಿಷಿನಲ್ಲೇ ಹೇಳುತ್ತಾ ಹೋದರು. ಒಂದೇ ದಿಕ್ಕಿನಿಂದ ಜೋರಾಗಿ ಬಿಟ್ಟರೆ ದಾರಿಯಲ್ಲಿರುವುದೆಲ್ಲ ಸುಡುತ್ತದೆ. ಅದಕ್ಕೇ ಹಲವು ದಿಕ್ಕಿನಿಂದ ಸ್ವಲ್ಪ ಸ್ವಲ್ಪ ಬಿಡುವುದು. ಎಲ್ಲವೂ ಗಂಟಿನಲ್ಲಿ ಮಾತ್ರ ಕೂಡಬೇಕು. ದಿನಕ್ಕಿಷ್ಟೇ ಎಂದು ಕೊಡುವುದು, ಪಕ್ಕದ ಆರೋಗ್ಯವಂತ ಭಾಗ ರಾತ್ರಿಯೊಳಗೆ ಸುಧಾರಿಸಿಕೊಳ್ಳಲಿ ಎಂದು. ನನಗೆ ಕಾನ್ವೆಂಟಿನ ಹೊಲಿಗೆ ಕ್ಲಾಸು ನೆನಪಾಯಿತು. ನಮ್ಮ ಸಿಸ್ಟರ್ ಕಸೂತಿಯ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ಮಗುಚಿ, ಹೂವಿನಿಂದ ಹೂವಿಗೆ ದಾರ ಹಿಂಬದಿಯಲ್ಲಿ ಹೇಗೆ ದಾಟಿದೆ ಎಂದು ನೋಡಿ ಅಂಕ ಕೊಡುತ್ತಿದ್ದರು. ಈ ಡಾಕ್ಟರೂ ಹಾಗೆಯೇ ಅನಿಸಿತು. ಎಲ್ಲ ಅರ್ಥವಾಯಿತೆಂದು ತಲೆಯಾಡಿಸಿದೆ. ಅರ್ಥವಾಗಿತ್ತು ಕೂಡ.

ಹೊರಗೆ ಬೆಂಚಿನ ಮೇಲೆ ಅತ್ತೆ ಕಾಯುತ್ತಿದ್ದರು. ಕೈಯಲ್ಲಿ ಎಲೆ ಅಡಿಕೆಯ ಚೀಲ. ಆಸ್ಪತ್ರೆಯಲ್ಲಿ ಹಾಕಬಾರದು ಎಂದು ಹೇಳಿದ್ದರಿಂದ ಸುಮ್ಮನೆ ಹಿಡಿದುಕೊಂಡಿದ್ದರು.

"ಅಷ್ಟೊತ್ತು ಏನಂದ್ರವ್ವ?"

"ಏನಿಲ್ಲ ಅತ್ತೆ. ಅಲ್ಲಾಡ್ದೆ ಸುಮ್ನೆ ಮಲ್ಗಿರ್ಬೇಕಂತೆ, ಅಷ್ಟೆ."

ಆ 'ಅಷ್ಟೆ' ಈಗಲೂ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಎಲೆ ಅಡಿಕೆಯ ಚೀಲ ಹಿಡಿದ ಆ ಹೆಂಗಸಿಗೆ ಗಂಟು, ನರ, ಅವೆರಡರ ನಡುವಿನ ಜಾಗ ಇದೆಲ್ಲ ತಿಳಿಯುವುದಿಲ್ಲವೆಂದು ಅವರನ್ನು ಕೇಳದೆ ತೀರ್ಮಾನಿಸಿಬಿಟ್ಟಿದ್ದೆ.

ಮಾಸ್ಕು ಮಾಡಿದ್ದು ಅದೇ ವಾರ. ತೂತು ತೂತಾದ ಬಿಳಿಯ ಪ್ಲಾಸ್ಟಿಕ್ ಹಾಳೆ. ಬಿಸಿನೀರಿನಲ್ಲಿ ಅದ್ದಿದರೆ ಚಪಾತಿ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಅದನ್ನು ಮುಖದ ಮೇಲೆ ಎಳೆದು ಒತ್ತಿ ಹಿಡಿದರೆ ಆರಿ, ನಮ್ಮದೇ ಮುಖವಾಗಿ ಗಟ್ಟಿಯಾಗುತ್ತದೆ. ದಿನವೂ ಅದನ್ನು ಹಾಕಿ ಮೇಜಿಗೆ ಕ್ಲಿಪ್ಪು ಬಿಗಿಯುತ್ತಾರೆ. ಕಿರಣಗಳು ಎಲ್ಲಿ ಬರಬೇಕೆಂಬ ಗುರುತನ್ನು ಆ ಮಾಸ್ಕಿನ ಮೇಲೆಯೇ ಪೆನ್ನಿನಿಂದ ಹಾಕಿರುತ್ತಾರೆ.

ಅಲ್ಲಿನ ಟೆಕ್ನಿಷಿಯನ್ ಹುಡುಗಿ ಧಾರವಾಡದ ಕಡೆಯವಳು. "ಆಂಟಿ, ಜಡಿ ಬಿಚ್ರಿ. ಪಿನ್ನು, ಕ್ಲಿಪ್ಪು ಎಲ್ಲಾ ತಗೀರಿ" ಅಂದಳು. ಮದುವೆಯಾದಾಗಿನಿಂದ ತಲೆಗೂದಲು ಬಿಚ್ಚಿಕೊಂಡು ಪರರ ಎದುರು ನಿಂತವಳಲ್ಲ ನಾನು. ಕೂದಲು ದಟ್ಟವಾಗಿತ್ತು, ಸೊಂಟ ಮುಟ್ಟುತ್ತಿತ್ತು. ಆಪರೇಷನ್ನಿಗೆ ಬೋಳಿಸಿದ್ದ ಪಟ್ಟಿಯನ್ನೂ ಮರೆಮಾಡುವಷ್ಟಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಬಾಚಿ, ಹಿಂದಕ್ಕೆ ಹರವಿ, ತಲೆದಿಂಬಿನ ಮೇಲೆ ನನ್ನನ್ನು ಮಲಗಿಸಿದಳು.

"ಏನ್ ಕೂದ್ಲ್ರಿ ಇದು! ಆಂಟಿ, ದಿನಾ ಹಿಂಗ ಇರ್ಬೇಕ್ರಿ. ಒಂದಿನ ಜಡಿ, ಒಂದಿನ ತುರುಬ ಅಂತ ಬರಬ್ಯಾಡ್ರಿ. ಹೇರ್‌ಕಟ್ ಮಾಡಿಸಬ್ಯಾಡ್ರಿ. ದಪ್ಪ ಆಗಬ್ಯಾಡ್ರಿ, ಸಣ್ಣ ಆಗಬ್ಯಾಡ್ರಿ. ಮಾಸ್ಕು ಕೂಡಂಗಿಲ್ಲ."

"ಈ ವಯಸ್ಸಲ್ಲಿ ನಂಗೆ ಎಂಥಾ ಹೇರ್‌ಕಟ್ ಅಮ್ಮ" ಎಂದು ನಕ್ಕೆ.

ಅಲ್ಲಾಡದೆ ಮಲಗುವುದರಲ್ಲಿ ನಾನು ಬಲು ಜಾಣೆ. ಕಾನ್ವೆಂಟಿನ ಬೆಳಗಿನ ಪ್ರಾರ್ಥನೆಯಲ್ಲಿ ಮೂಗಿನ ಮೇಲೆ ನೊಣ ಕೂತರೂ ಕದಲದೆ ನಿಂತು ಅಭ್ಯಾಸವಾದವಳು. ಮಾಸ್ಕು ಮೂಗನ್ನು ಒತ್ತುತ್ತಿತ್ತು, ಹುಬ್ಬನ್ನು ಹಿಂಡುತ್ತಿತ್ತು. ನಾನು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಗೋಡೆಯಿಂದ ಬರುವ ಬೆಳಕಿನ ಗೆರೆಗಳು ಮಾಸ್ಕಿನ ಗುರುತಿನ ಮೇಲೆ ಕೂತಾಗ ಹುಡುಗಿ, "ನಮ್ಮ ಆಂಟಿ ಕಲ್ಲ್ ಮಲಗಿದಂಗ ಮಲಗ್ತಾರ ನೋಡ್ರಿ" ಎಂದು ಇನ್ನೊಬ್ಬಳಿಗೆ ಹೇಳುವುದು ಕೇಳಿಸುತ್ತಿತ್ತು. ಒಳ್ಳೆಯ ಹುಡುಗಿ ಎಂದು ಬೆನ್ನು ತಟ್ಟಿಸಿಕೊಂಡ ಹಿಗ್ಗು ನನಗೆ.

ಕೂದಲು ಉದುರಲು ಶುರುವಾದದ್ದು ಆಮೇಲೆ. ಒಂದು ಬೆಳಿಗ್ಗೆ ಬಾಚಣಿಗೆ ಎಳೆದರೆ ಬಲ ಕಪಾಲದ ಹತ್ತಿರದ್ದು ನೋವೇ ಇಲ್ಲದೆ ಹಿಡಿಯಾಗಿ ಕೈಗೆ ಬಂತು. ನಾಲ್ಕಾರು ದಿನಕ್ಕೆ ಎರಡು ಕಿವಿಗಳ ಮೇಲೂ, ಕಿರಣ ಒಳಹೋಗುವ ಕಡೆಯೆಲ್ಲ, ಅಂಗೈಯಗಲದ ನುಣುಪಾದ ಬಯಲು. ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿಸಿಕೊಂಡದ್ದು ಬೇರೆ, ಬಚ್ಚಲುಮನೆಯ ಕನ್ನಡಿಯಲ್ಲಿ ಕಂಡದ್ದು ಬೇರೆ. ಪೂರ್ತಿ ಬೋಳಾದರೆ ಒಂದು ರೀತಿ. ಇದು ಇಲಿ ಕೊರೆದ ಕಂಬಳಿಯ ಹಾಗಿತ್ತು. ನೋಡಿದವರಿಗೆ ಇನ್ನು ಬೇರೇನೂ ಹೇಳಬೇಕಿರಲಿಲ್ಲ.

ನಮ್ಮ ಮನೆಯಲ್ಲಿ ಬಾಚಿದ ಕೂದಲನ್ನು ಎಸೆಯುವುದಿಲ್ಲ. ಅತ್ತೆ ಅದನ್ನು ಸುರುಳಿ ಸುತ್ತಿ ಹಿತ್ತಲ ಗೂಡಿನಲ್ಲಿದ್ದ ಹಳೆಯ ಹಾಲಿನ ಪುಡಿಯ ಡಬ್ಬಿಗೆ ತುಂಬುತ್ತಿದ್ದರು. ಕೂದಲು ಕೊಳ್ಳುವವಳು ಬಂದರೆ ಅದಕ್ಕೆ ಒಂದು ಸ್ಟೀಲು ಬಟ್ಟಲೋ ಜಾಲರಿಯೋ ಸಿಗುತ್ತಿತ್ತು. ಈ ಹಿಡಿ ಹಿಡಿ ಕೂದಲನ್ನು ಆ ಡಬ್ಬಿಗೆ ಹಾಕುವಂತಿರಲಿಲ್ಲ. ನಾನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ತರಕಾರಿ ಚೀಲದ ತಳದಲ್ಲಿಟ್ಟುಕೊಂಡು, ಮಾರ್ಕೆಟ್ಟಿನ ಕಸದ ತೊಟ್ಟಿಗೆ ಹಾಕಿ ಬರುತ್ತಿದ್ದೆ. ಕಳ್ಳಮಾಲು ಸಾಗಿಸಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಕೆಂಗೇರಿ ಉಪನಗರದಲ್ಲಿ ಯಜಮಾನರ ದೊಡ್ಡಪ್ಪನ ಮಗ ಕಟ್ಟಿಸಿದ ಮನೆಯ ಗೃಹಪ್ರವೇಶದ ಕರೆಯೋಲೆ ಬಂತು. ಎಲ್ಲರೂ ಸೇರುತ್ತಾರೆ. ಹೆಂಗಸರು ಒಬ್ಬರ ತಲೆಗೊಬ್ಬರು ಹೂ ಮುಡಿಸುತ್ತಾರೆ. ನನ್ನ ತಲೆಗೆ ಯಾರೋ ಕೈ ಹಾಕಿ, ಹೂವಿನ ಜೊತೆ ಕೂದಲೂ ಅವರ ಕೈಗೆ ಬರುವುದು ಕಣ್ಣೆದುರು ಕಟ್ಟಿತು. ಅಂದು ಊಟ ಸೇರಲಿಲ್ಲ.

ಆ ಸಂಜೆಯೇ ಅತ್ತೆ ಸೊಪ್ಪು ಬಿಡಿಸುತ್ತಾ ಮಾತು ತೆಗೆದರು.

"ನಿನ್ ಆಪರೇಷನ್ ದಿನ ಮನೆದೇವ್ರಿಗೆ ಒಂದ್ ಹರ್ಕೆ ಹೊತ್ತಿದ್ನವ್ವ. ನಿನ್ ತಲೆಗೂದ್ಲು ಕೊಡಿಸ್ತೀನಿ ಅಂತವ. ಪೂರ್ತಿ ಏನಲ್ಲ. ಐದ್ ಹಿಡಿ ಕತ್ರಿಸ್ಕೊಟ್ರೆ ಸಾಕು, ದೇವ್ರು ಒಪ್ಕೊತಾನೆ. ಬೆಟ್ಟಕ್ಕೋಗಿ ತೀರಿಸ್ಕೊಂಡ್ ಬಂದ್ಬುಡಾನ."

ನನಗೆ ಕತ್ತಲೆಯಲ್ಲಿ ಯಾರೋ ಕದ ತೆರೆದ ಹಾಗಾಯಿತು. ಮುಡಿ ಕೊಟ್ಟ ತಲೆಯನ್ನು ಕಂಡು ಯಾರೂ ಪ್ರಶ್ನೆ ಕೇಳುವುದಿಲ್ಲ. ಕೈ ಮುಗಿಯುತ್ತಾರೆ.

"ಐದು ಹಿಡಿ ಯಾಕತ್ತೆ? ಪೂರ್ತಿ ಮುಡಿನೇ ಕೊಟ್ಬಿಡ್ತೀನಿ."

ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು. ನನ್ನನ್ನೇ ನೋಡಿದರು. ಕಣ್ಣುಗಳು ಒದ್ದೆಯಾಗಿದ್ದವು. ಭಕ್ತಿಗೆ ಕರಗಿದರು ಎಂದುಕೊಂಡೆ.

ಯಜಮಾನರು ಮಾತ್ರ, "ಡಾಕ್ಟ್ರನ್ನ ಒಂದ್ ಮಾತ್ ಕೇಳ್ಬೇಕಿತ್ತೇನೋ ಕಣೇ" ಅಂದರು.

"ದೇವರ ಕೆಲಸಕ್ಕೂ ಡಾಕ್ಟ್ರ ಪರ್ಮಿಶನ್ನಾ? ಹೇಗೂ ಉದ್ರ್ತಾ ಇದೆ, ಅವರೇ ಹೇಳಿಲ್ವಾ" ಅಂದೆ. ಹರಕೆ, ಮುಡಿ ಎಂದರೆ ಒಳಗೊಳಗೇ ಮೂಗು ಮುರಿಯುತ್ತಿದ್ದವಳು ನಾನು. ಅಂದು ದೇವರನ್ನು ಛತ್ರಿಯ ಹಾಗೆ ಬಿಚ್ಚಿ ಹಿಡಿದೆ.

ಭಾನುವಾರ ಮಾಗಡಿ ಕಡೆಯ ಬೆಟ್ಟಕ್ಕೆ ಹೋದೆವು. ಕಲ್ಯಾಣಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತೆ. ನೆತ್ತಿಯ ಮೇಲೆ ತಣ್ಣೀರು ಬಿದ್ದಾಗ ಆ ಧಾರವಾಡದ ಹುಡುಗಿಯ ಮಾತು ಒಮ್ಮೆ ತಲೆಯಲ್ಲಿ ಸುಳಿಯಿತು. ಅವಳು ಹೇಳಿದ್ದು ಬ್ಯೂಟಿ ಪಾರ್ಲರಿನ ಮಾತು, ಇದು ಮುಡಿ. ಎರಡೂ ಒಂದೇ ಎಂದು ಆ ಗಳಿಗೆಯಲ್ಲಿ ಅನಿಸಲಿಲ್ಲ. ಅನಿಸಗೊಡಲಿಲ್ಲ ಎಂದರೂ ಸರಿಯೇ. ಕ್ಷೌರಿಕ ಕಿವಿಯ ಹತ್ತಿರ ಬಂದು ಕತ್ತಿ ನಿಲ್ಲಿಸಿದ.

"ಇಲ್ಲಿ ಮೊದ್ಲೇ ಹೋಗ್ಬುಟ್ಟದಲ್ಲವ್ವ?"

ಪಕ್ಕದಲ್ಲಿ ನಿಂತಿದ್ದ ಅತ್ತೆ, "ನೀ ಸುಮ್ಕೆ ಕೆಲ್ಸ ನೋಡಪ್ಪ" ಎಂದು ಗದರಿದರು. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ.

ಮನೆಗೆ ಬಂದಾಗ ಕಾರಿನಲ್ಲಿ ಕೂತು ಕಾಯಲಿಲ್ಲ. ಗಂಧ ಮೆತ್ತಿದ ಬೋಳು ತಲೆಯಲ್ಲಿ, ಸೆರಗು ಹೊದೆಯದೆ, ನೇರವಾಗಿ ಇಳಿದೆ. ಎದುರು ಮನೆಯಾಕೆ ಓಡಿ ಬಂದರು.

"ಅಯ್ಯೋ, ಅಷ್ಟುದ್ದ ಕೂದ್ಲು! ಹರಕೆನೇನ್ರೀ? ಎಂಥಾ ಭಕ್ತಿರೀ ನಿಮ್ದು, ನಮ್ಗೆಲ್ಲ ಎಲ್ಲಿ ಬರ್ಬೇಕು!" ಎಂದು ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು. ನಾನು ತಲೆ ತಗ್ಗಿಸಿ ಮುಗುಳ್ನಕ್ಕೆ. ಆ ಸಂಜೆ ಎಷ್ಟು ಹಗುರವಾಗಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಗೇಟಿನ ಹತ್ತಿರ ನಿಂತು ಹೂವಿನವನ ಜೊತೆ ಚೌಕಾಸಿ ಮಾಡಿ, ದೇವರ ಪಟಕ್ಕೆಂದು ಮೊಳ ಹೂ ಕೊಂಡೆ.

ಸೋಮವಾರ ಅತ್ತೆಯೂ ಆಸ್ಪತ್ರೆಗೆ ಬಂದರು. ಡಾಕ್ಟರಿಗೆ ಪ್ರಸಾದ ಕೊಡಬೇಕಿತ್ತಂತೆ.

ಚಿಕಿತ್ಸೆಯ ಕೋಣೆಯಲ್ಲಿ ನಾನು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಹುಡುಗಿ ಮಾಸ್ಕನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು.

"ಯವ್ವಾ... ಆಂಟಿ, ಏನ್ ಮಾಡ್ಕೊಂಡ್ ಬಂದ್ರಿ?"

"ಹರಕೆ ಇತ್ತಮ್ಮ."

ಅವಳು ನನ್ನನ್ನು ಮಲಗಿಸಿ, ಮಾಸ್ಕು ಇಟ್ಟು, ಕ್ಲಿಪ್ಪು ಹಾಕಿದಳು. ಮೊದಲ ಬಾರಿಗೆ ಅದು ನನ್ನ ಮೂಗನ್ನು ಒತ್ತಲಿಲ್ಲ. ಹುಬ್ಬು ಹಿಂಡಲಿಲ್ಲ. ತಲೆಯ ಕೆಳಗೆ ಮೆತ್ತೆಯಂತಿದ್ದ ಕೂದಲಿಲ್ಲದೆ ತಲೆ ಒಳಕ್ಕೆ ಇಳಿದು ಕೂತಿತ್ತು. ಎಷ್ಟು ಆರಾಮವಾಗಿದೆ ಎಂದುಕೊಂಡೆ.

"ಸ್ವಲ್ಪ ಎಡಕ್ಕ ಹೊಳ್ಳಿ ನೋಡ್ರಿ."

ಅಲ್ಲಾಡಬಾರದು ಎಂದು ಇಷ್ಟು ದಿನ ಹೇಳಿದವಳು ಈಗ ತಿರುಗು ಅನ್ನುತ್ತಿದ್ದಳು. ತಿರುಗಿದೆ. ತಲೆ ಸಲೀಸಾಗಿ ಎಡಕ್ಕೆ ಹೊರಳಿತು. ಮಾಸ್ಕು ಇದ್ದಲ್ಲೇ ಇತ್ತು, ಅದರೊಳಗೆ ನಾನು ತಿರುಗಿದೆ. ಹಸಿರು ಗೆರೆ, ಕೆಂಪು ಗೆರೆ, ನಡುವಿನ ಜಾಗ ಎಲ್ಲವೂ ಇಂಗ್ಲಿಷಿನಲ್ಲೇ ನೆನಪಿಗೆ ಬಂದವು.

ಅವಳು ಮಿಷಿನ್ ಶುರು ಮಾಡಲಿಲ್ಲ. ನೇರ ಡಾಕ್ಟರನ್ನು ಕರೆದಳು.

ಡಾಕ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಮ್ಮ ಮೂವರನ್ನೂ ತಮ್ಮ ಕೋಣೆಗೆ ಕರೆಸಿ, ಅತ್ತೆ ಕೊಟ್ಟ ಪ್ರಸಾದವನ್ನು ಮೇಜಿನ ಮೇಲಿಟ್ಟುಕೊಂಡು, ಮತ್ತೆ ತೆರೆಯ ಮೇಲೆ ನನ್ನ ತಲೆಯನ್ನು ತಂದರು. ಈ ಸಲ ಕನ್ನಡದಲ್ಲಿ ಹೇಳಿದರು, ಅತ್ತೆಯ ಕಡೆಗೆ ತಿರುಗಿ.

"ನೋಡಿ ಅಮ್ಮ, ಇದು ಗಂಟು. ಇದು ಒಳ್ಳೆ ಕಣ್ಣಿನ ನರ. ಇವೆರಡರ ಮಧ್ಯ, ಈ ಬದಿಯಲ್ಲಿ, ನನಗೆ ಸಿಕ್ಕಿರೋ ಜಾಗ ಇಷ್ಟೇ." ಎರಡು ಉಗುರುಗಳನ್ನು ಹತ್ತಿರ ತಂದು ತೋರಿಸಿದರು.

ಅತ್ತೆ ಮುಂದಕ್ಕೆ ಬಾಗಿದರು. "ಸಾಸ್ವೆ ಕಾಳಷ್ಟಾ ಬುದ್ಧಿ?"

"ಹೂಂ. ಹೆಚ್ಚೂ ಕಮ್ಮಿ ಅಷ್ಟೇ. ಈಗ ಮಾಸ್ಕ್ ಒಳಗೆ ತಲೆ ಅಲ್ಲಾಡ್ತಾ ಇರೋದು ಅದಕ್ಕಿಂತ ಜಾಸ್ತಿ. ಒಂದಿನ ಸ್ವಲ್ಪ ಆಚೀಚೆ ಆದ್ರೆ ಏನಾಗಲ್ಲ ಅನ್ಕೊಳ್ಳಿ. ದಿನಾ ಆಗ್ತಾ ಹೋದ್ರೆ, ಗಂಟಿಗೆ ಹೋಗ್ಬೇಕಾದ್ದು ನರಕ್ಕೆ ಹೋಗತ್ತೆ. ಒಳ್ಳೆ ಕಣ್ಣಿನ ನರಕ್ಕೆ. ಅದು ಹೋದ್ರೆ ವಾಪಸ್ ತರೋಕೆ ನನ್ನ ಕೈಲಾಗಲ್ಲ."

ಡಾಕ್ಟರು ನನ್ನತ್ತ ನೋಡಿದರು.

"ಹೇರ್ ತೆಗೀಬಾರ್ದು ಅಂತ ನಿಮ್ಮತ್ತೆಗೆ ನೀವು ಹೇಳಿರ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು.

"ನಂದೇ ತೆಪ್ಪು ಬುದ್ಧಿ. ನಾನ್ ಹೊತ್ತಿದ್ ಹರ್ಕೆ. ಹಳ್ಳಿ ಮುಕ್ಕ, ನಂಗೇನ್ ಗೊತ್ತಾದದು. ಈ ಹೆಣ್ಮಗ ಬ್ಯಾಡ ಬ್ಯಾಡ ಅಂದ್ರೂ ನಾನೇ ಬಲವಂತ ಮಾಡಿ ಕೂರುಸ್ದೆ."

ಯಜಮಾನರು ತಲೆ ಎತ್ತಿ ತಾಯಿಯನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಏನೂ ಅನ್ನಲಿಲ್ಲ. ಮಾಸ್ಕಿನ ಒಳಗೆ ಮಲಗುವಷ್ಟೇ ಸಲೀಸಾಗಿ ಕಲ್ಲಾಗಿ ಕೂತೆ. ಡಾಕ್ಟರು ನಿಟ್ಟುಸಿರು ಬಿಟ್ಟು, "ಓದಿರೋ ಸೊಸೆ ಇದಾರೆ, ಅವ್ರ ಮಾತು ಸ್ವಲ್ಪ ಕೇಳ್ಬೇಕಮ್ಮ ನೀವು" ಅಂದರು. ಅತ್ತೆ, "ಆಗ್ಲಿ ಬುದ್ಧಿ, ಆಗ್ಲಿ" ಎಂದು ಕೈ ಮುಗಿದರು. ಪ್ರಸಾದದ ಪೊಟ್ಟಣ ಮೇಜಿನ ಮೇಲೆ ಹಾಗೇ ಇತ್ತು, ಅದರ ಬಾಳೆಎಲೆ ಒಂದು ಕಡೆ ಬಿರಿದು ಕುಂಕುಮ ಸ್ವಲ್ಪ ಚೆಲ್ಲಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಹೊಸ ಮಾಸ್ಕು, ಹೊಸ ಸ್ಕ್ಯಾನು, ಗೆರೆಗಳೆಲ್ಲ ಮತ್ತೆ ಮೊದಲಿಂದ. ಅದೆಲ್ಲ ಮುಗಿಯುವವರೆಗೆ ಚಿಕಿತ್ಸೆ ನಿಂತಿತು. ನಡುವೆ ಹೀಗೆ ನಿಲ್ಲಬಾರದು, ಆದರೂ ಸರಿದೂಗಿಸೋಣ ಎಂದರು. ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ. ಯಾರಿಗಾಗಿ ತಲೆ ಬೋಳಿಸಿಕೊಂಡೆನೋ ಅವರ ಎದುರಿಗೇ ಹೋಗಲು ಆಗಲಿಲ್ಲ.

ಆ ವಾರವೆಲ್ಲ ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಕ್ಯಾಲೆಂಡರಿನ ಅಂಕಿ ನೋಡುತ್ತಿದ್ದೆ. ಬಲಗಣ್ಣಿಗೂ ಹೊಗೆ ಕವಿದ ಹಾಗೆ ಅನಿಸುತ್ತಿತ್ತು. ಕಿಟಕಿ ತೆರೆದರೆ ಹೋಗುತ್ತಿತ್ತು. ಮತ್ತೆ ಬರುತ್ತಿತ್ತು. ಅತ್ತೆ ಇದನ್ನೆಲ್ಲ ನೋಡುತ್ತಿದ್ದರೆಂದು ಗೊತ್ತಾದದ್ದು, ಒಗ್ಗರಣೆ ಡಬ್ಬಿ ಹಿಡಿದು ಬಂದು ನನ್ನ ಎದುರು ಕೂತಾಗ. ತಮ್ಮ ಅಂಗೈ ಮೇಲೆ ಒಂದಿಷ್ಟು ಸಾಸಿವೆ ಹಾಕಿಕೊಂಡು ಚಾಚಿದರು.

"ಆ ಕಣ್ ಮುಚ್ಕೊ. ಈಗೇಳು, ಎಷ್ಟವೆ?"

ಎಣಿಸಿ ಹೇಳಿದೆ. ಅವರು ತಾವೂ ಎಣಿಸಿ, "ಸರ್ಯಾಗದೆ" ಎಂದು ಕಾಳನ್ನು ಡಬ್ಬಿಗೆ ಸುರಿದರು. ಮರುದಿನ ಮತ್ತೆ. ಅದರ ಮರುದಿನ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಡಾಕ್ಟ್ರ ಹತ್ರ ಯಾಕೆ ಹಂಗಂದ್ರಿ? ಪೂರ್ತಿ ಕೊಡ್ತೀನಿ ಅಂದಿದ್ದು ನಾನು. ನೀವು ಹೇಳಿದ್ದು ಐದು ಹಿಡಿ. ಅದೂ ನಾನು ಭಕ್ತಿಯಿಂದ ಏನೂ..."

"ಗೊತ್ತು ಕಣವ್ವ."

"ಏನ್ ಗೊತ್ತು?"

"ಡಬ್ಬೀಗೆ ಕೂದ್ಲು ಬೀಳೋದು ನಿಂತೋದಾಗ್ಲೇ ಗೊತ್ತಾಯ್ತು. ದಿನಾ ಇಷ್ಟಿಷ್ಟು ಹಾಕೋಳು, ಒಂದೇ ಸಲ ನಿಲ್ಲುಸ್ಬುಟ್ರೆ? ನಿನ್ ತರ್ಕಾರಿ ಚೀಲ್ದಲ್ಲೂ ನೋಡಿದ್ದೆ. ಜನದ್ ಮುಂದೆ ನೀನು ಕುಗ್ಗೋಗ್ತೀಯ ಅಂತ ಹರ್ಕೆ ಮಾತ್ ತಗ್ದೆ. ಯಾರಾರ ಕೇಳುದ್ರೆ ದೇವ್ರಿಗೆ ಕೊಟ್ವು ಅನ್ಬೋದಲ್ಲ. ಅದ್ಕೂ ಆ ಮಿಷಿನ್‌ಗೂ ಸಂಬಂಧ ಅದೆ ಅಂತ ನಂಗೆಲ್ಲವ್ವ ತಿಳೀಬೇಕು? ಯಾರೂ ಹೇಳ್ನಿಲ್ವಲ್ಲ."

ಕೊನೆಯ ಮಾತನ್ನು ಅವರು ಚುಚ್ಚಲು ಹೇಳಲಿಲ್ಲ. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಳು ಡಬ್ಬಿಗೆ ಹಾಕಲು ಎದ್ದರು. ಒಗ್ಗರಣೆಯ ಎಣ್ಣೆ ಕಾದಿತ್ತು. ನಾನು ಆ ಸಂಜೆ ಅವರನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡು, ಗೋಡೆಯ ಮೇಲೆ ಬೆರಳಿಂದ ಗೆರೆ ಎಳೆದು, ಗಂಟು ಇಲ್ಲಿ, ನರ ಇಲ್ಲಿ, ಕಿರಣ ಹೀಗೆ ಬರುತ್ತದೆ ಎಂದು ಮೊದಲಿಂದ ಹೇಳಿದೆ. ಒಂದು ಸಲಕ್ಕೇ ಅರ್ಥ ಮಾಡಿಕೊಂಡು, "ಬೆಳೆ ತುಳೀದಂಗೆ ಕಳೆ ಕಿತ್ತಂಗೆ ಅನ್ನು" ಅಂದರು.

ಹೊಸ ಮಾಸ್ಕು ಮೊದಲಿನದಕ್ಕಿಂತ ಬಿಗಿಯಾಗಿತ್ತು. ಅದರ ಅಚ್ಚು ಹಣೆಯ ಮೇಲಷ್ಟೇ ಅಲ್ಲ, ಬೋಳು ತಲೆಯ ಮೇಲೂ ಮೂಡುತ್ತಿತ್ತು. ನಾನು ಕಾರಿನಲ್ಲಿ ಕಾಯುವುದನ್ನು ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬಿಡಲಿಲ್ಲ. ಎದುರು ಮನೆಯಾಕೆ ಕಂಡಾಗಲೆಲ್ಲ ಹರಕೆ ಫಲಿಸಿತೇ ಎಂದು ಕೇಳುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ.

ಎಲ್ಲ ಮುಗಿದು ಕೆಲವು ತಿಂಗಳ ಮೇಲೆ ಕಣ್ಣಿನ ಪರೀಕ್ಷೆಗೆ ಕರೆದರು. ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಡಗಣ್ಣು ಇದ್ದಷ್ಟೇ ಇತ್ತು. ಬಲಗಣ್ಣಿಗೆ ಏನೂ ಆಗಿರಲಿಲ್ಲ. ಡಾಕ್ಟರು ಹಾಳೆಯನ್ನು ನೋಡಿ ನಕ್ಕರು. ಒಂದು ಅಂಗುಲ ಬೆಳೆದಿದ್ದ ನನ್ನ ಕೂದಲನ್ನೂ ನೋಡಿ ನಕ್ಕರು. ಆಮೇಲೆ ಅತ್ತೆಗೆ ಬೆರಳು ಆಡಿಸುತ್ತಾ, "ಅಮ್ಮ, ಇನ್ಮೇಲೆ ಹರಕೆ-ಗಿರಕೆ ಅಂದ್ರೆ ಮೊದ್ಲು ನನ್ನ ಕೇಳ್ಬೇಕು, ಆಯ್ತಾ?" ಅಂದರು.

"ಆಗ್ಲಿ ಬುದ್ಧಿ" ಎಂದು ಅತ್ತೆಯೂ ನಕ್ಕರು.

"ಡಾಕ್ಟ್ರೇ," ಅಂದೆ. "ಅವರು ಕೇಳಿದ್ದು ಐದು ಹಿಡಿ ಮಾತ್ರ. ಪೂರ್ತಿ ತೆಗೆಸಿದ್ದು ನಾನು. ಹೇರ್‌ಕಟ್ ಬೇಡ ಅಂತ ನನಗೆ ಹೇಳಿದ್ರು. ಅವರಿಗೆ ನಾನು ಹೇಳೇ ಇರಲಿಲ್ಲ."

ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿದರು. ಐದು ಹಿಡಿ ಎಂದರೇನೆಂದು ಅವರಿಗೆ ತಿಳಿಯಲಿಲ್ಲವೆಂದು ಕಾಣುತ್ತದೆ. ಅಷ್ಟರಲ್ಲಿ ನರ್ಸು ಮುಂದಿನವರ ಫೈಲು ತಂದಿಟ್ಟಳು. "ಇರ್ಲಿ ಬಿಡಿ, ಈಗ ಎಲ್ಲ ಸರಿ ಇದೆಯಲ್ಲ" ಅಂದರು. ಮೇಜಿನ ಕೆಳಗೆ ಅತ್ತೆ ನನ್ನ ತೊಡೆ ಚಿವುಟಿದರು.

ಕಾರಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು. "ಈಗ್ಯಾಕ್ ಹೇಳಕ್ಕೋದೆ? ಆವತ್ತೇ ನಾ ಬೈಸ್ಕೊಂಡಾಯ್ತು. ಒಂದೇ ಬೈಗುಳಕ್ಕೆ ಇಬ್ರು ತಲೆ ಕೊಡಾದು ಯಾಕೆ?"

ಯಜಮಾನರು, "ಅವ್ವಾ, ನಿನ್ ಸೊಸೆ ಯಾವತ್ತೂ ಲೇಟೇ" ಅಂದರು. ಅವರ ದನಿಯಲ್ಲಿ ನಗು ಇತ್ತು, ಪೂರ್ತಿ ನಗು ಮಾತ್ರ ಅಲ್ಲ.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅತ್ತೆ ಒಗ್ಗರಣೆ ಡಬ್ಬಿ ತಂದರು. "ಆ ಮಿಷಿನ್ ಹೇಳಿದ್ರೆ ಆಯ್ತಾ? ನಾ ನೋಡ್ಬೇಕು" ಎಂದು ಅಂಗೈ ಚಾಚಿದರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಕಾಳುಗಳು, ಅವುಗಳ ಪುಟ್ಟ ನೆರಳು, ಅಂಗೈಯ ಗೆರೆಗಳಲ್ಲಿ ಕೂತಿದ್ದ ಅರಿಸಿನ, ಎಲ್ಲವೂ ನಿಚ್ಚಳವಾಗಿ ಕಂಡವು. ಎಷ್ಟೆಂದು ನೋಡಿದ ತಕ್ಷಣವೇ ಗೊತ್ತಾಗಿತ್ತು. ಆದರೆ ಹೇಳಬೇಕಾದರೆ ತಲೆ ಎತ್ತಿ ಅವರ ಮುಖ ನೋಡಬೇಕಿತ್ತು. ನಾನು ಬಗ್ಗಿಯೇ ಕೂತಿದ್ದೆ.

"ಯಾಕವ್ವ," ಅಂದರು ಅತ್ತೆ, ಕೈ ಹಿಂದಕ್ಕೆ ತೆಗೆಯದೆ, "ಇಷ್ಟ್ ಎಣ್ಸಕ್ಕೆ ಇಷ್ಟೊತ್ತಾ?"